ಅಳಿಲು ಉಳಿಸಿಟ್ಟ ಶಕ್ತಿಗಳು

ವಿಡಿಯೋ ಗೇಮಿನ ಮಾಯಾಕೋಟೆಗೆ ಏಳು ಬಾಗಿಲು. ಆಟಕ್ಕಿಳಿದ ಅಳಿಲಿಗೆ ಒಂದೇ ಜೀವ. ಮೊದಲ ಬಾಗಿಲು ಗೆದ್ದಾಗ ಕಾವಲಿನ ಗಿಳಿ ಹೇಳಿತು: “ಅಳಿಲಕ್ಕ, ಒಂದು ಶಕ್ತಿ ಆರಿಸಿಕೋ. ರೆಕ್ಕೆಯೋ, ಬೆಂಕಿಯುಸಿರೋ?”

“ಈಗಲೇ ಆರಿಸುವುದು ಕಡ್ಡಾಯವೇ?”

“ಇಲ್ಲ, ನಿನ್ನಿಷ್ಟ.”

“ಹಾಗಾದರೆ ಕಷ್ಟಕಾಲಕ್ಕಿರಲಿ. ನಾನು ದುಂದುಗಾರ್ತಿಯಲ್ಲ.”

ಆರು ಬಾಗಿಲಲ್ಲೂ ಅಳಿಲು ಹೀಗೇ ಹೇಳಿತು. ಬರಿಯ ಹಲ್ಲಿನಿಂದಲೇ ಹೋರಾಡಿ, ಮೈತುಂಬ ಗಾಯ ಹೊತ್ತು ಮುಂದೆ ನಡೆಯಿತು. ಏಳನೆಯ ಬಾಗಿಲಲ್ಲಿ ಕಾದಿದ್ದ ದೊಡ್ಡ ಸರ್ಪವೊಂದು ಬಾಯಿ ತೆರೆಯಿತು.

“ಗಿಳಿಯಣ್ಣ, ರೆಕ್ಕೆ ಕೊಡು, ಬೇಗ!”

“ಕಾಳಗ ಶುರುವಾದ ಮೇಲೆ ಆರಿಸುವಂತಿಲ್ಲ ಅಕ್ಕ. ಆಟದ ನಿಯಮ.”

ಸೋತವರ ಶಕ್ತಿ ಗೆದ್ದವರಿಗೆ ಸೇರುವುದೂ ಆಟದ ನಿಯಮವೇ. ಅಳಿಲನ್ನು ನುಂಗಿದ ಸರ್ಪಕ್ಕೆ ಆರು ಶಕ್ತಿಗಳೂ ಒಟ್ಟಿಗೇ ದಕ್ಕಿದವು.

“ಒಂದನ್ನೂ ಮುಟ್ಟಿಲ್ಲ! ಎಂಥ ಅಚ್ಚುಕಟ್ಟಿನ ಹೆಂಗಸು,” ಎಂದು ಅದು ಮನಸಾರೆ ಹೊಗಳಿತು.