ಪೆಟ್ಟಿಗೆಯಲ್ಲಿಲ್ಲದ ಅಳತೆ

“ಗುರುಗಳೇ, ಕಷ್ಟಪಟ್ಟು ಕಲಿತ ವಿದ್ಯೆಗೂ ಹೆಮ್ಮೆ ಪಡಬಾರದೇ?” ಎಂದು ಶಿಷ್ಯ ಕೇಳಿದ. ಅಂದು ಸಭೆಯಲ್ಲಿ ಅವನಿಗೆ ತಿಳಿಯದ ಪ್ರಶ್ನೆಯೊಂದು ಬಂದಿತ್ತು. ಗೊತ್ತಿಲ್ಲ ಎನ್ನಲು ಹೆಮ್ಮೆ ಬಿಡದೆ ಏನೋ ಒಂದು ಹೊಂದಿಸಿ ಹೇಳಿ ಬಂದಿದ್ದ. ಗುರುಗಳಿಗೆ ಅದು ಗೊತ್ತಿತ್ತು.

“ಯಾಕಪ್ಪಾ ಪಡಬಾರದು? ಹೊಟ್ಟೆ ತುಂಬ ಪಡು. ಯಾವುದಕ್ಕೆ ಅನ್ನೋದನ್ನು ಮಾತ್ರ ಕೇಳಿಕೋ” ಎಂದು ಕತೆ ತೆಗೆದರು.

ಕೊಡಗಿನಲ್ಲಿ ಒಬ್ಬ ಕೋವಿ ರಿಪೇರಿಯವನಿದ್ದ. ತೂತಿನೊಳಗೆ ಹಲ್ಲು ಕೊರೆಯುವ ಟ್ಯಾಪು, ತಿರುಪಿನ ಮೈಗೆ ಹಲ್ಲು ಕೊರೆಯುವ ಡೈ, ಹೀಗೆ ನಲವತ್ತು ಜೊತೆ ಅವನ ಪೆಟ್ಟಿಗೆಯಲ್ಲಿದ್ದವು. “ನನ್ನ ಹತ್ತಿರ ಇಲ್ಲದ ಅಳತೆ ಯಾವ ಕೋವಿಯಲ್ಲೂ ಇಲ್ಲ” ಎನ್ನುತ್ತಿದ್ದ. ಊರೂ ಹೌದೆನ್ನುತ್ತಿತ್ತು.

ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಹತ್ತಿರವಿತ್ತು. ಅಂಗಡಿ ತುಂಬ ಜನ. ಹಿರಿಯರೊಬ್ಬರು ಮುತ್ತಜ್ಜನ ಕೋವಿ ತಂದರು. ಒಂದು ತಿರುಪು ಬಿದ್ದುಹೋಗಿತ್ತು. ಹಬ್ಬದ ದಿನ ಅವರ ಮನೆಯ ಮೊದಲ ಗುಂಡು ಅದರಿಂದಲೇ ಹಾರಬೇಕು.

ರಿಪೇರಿಯವನು ಟ್ಯಾಪುಗಳನ್ನು ಒಂದೊಂದಾಗಿ ಆ ತಿರುಪಿನ ತೂತಿಗಿಟ್ಟು ಬೆರಳಲ್ಲೇ ತಿರುಗಿಸಿ ನೋಡಿದ. ಒಂದು ಸುತ್ತು ಹೋಗುತ್ತಿತ್ತು, ಬಿಗಿಯುತ್ತಿತ್ತು. ತೂತಿಗೆ ಹಿಡಿಸುವ ಗಾತ್ರದವೆಲ್ಲ ಅಷ್ಟೇ; ನಲವತ್ತರಲ್ಲಿ ಒಂದೂ ಕೂರಲಿಲ್ಲ. ಕೋವಿ ಮಾಡಿದ ಆ ಕಾಲದ ಕಮ್ಮಾರ ತನ್ನದೇ ಅಳತೆಯಲ್ಲಿ ಹಲ್ಲು ಕೊರೆದಿದ್ದ.

“ಸ್ವಲ್ಪ ಎಣ್ಣೆ ಬಿಟ್ಟು, ಹಿಡಿ ಹಾಕಿ ತಿರುಗಿಸು ಮಾರಾಯ. ಹೋಗ್ತದೆ” ಎಂದರು ಹಿರಿಯರು.

ಹೋಗುತ್ತಿತ್ತು, ಸುಳ್ಳಲ್ಲ. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ಹಳೆಯ ಹಲ್ಲಿನ ಮೇಲೆ ಬೇರೆ ಹಲ್ಲು ಕೊರೆದರೆ, ಅರೆಬರೆ ಕಚ್ಚಿದ ತಿರುಪು ನಾಲ್ಕು ಗುಂಡಿಗೆ ಸಡಿಲವಾಗುತ್ತದೆ. ಕೆಟ್ಟ ತೂತು ಮತ್ತೆ ಮೊದಲಿನಂತಾಗುವುದಿಲ್ಲ. ಅಷ್ಟು ಜನ ನೋಡುತ್ತಿದ್ದರು. ಇಷ್ಟು ವರ್ಷ ಗಳಿಸಿದ ಹೆಸರು ಈ ಒಂದು ತೂತಿನಲ್ಲಿ ಹೋಗುತ್ತದಲ್ಲಾ ಎಂದು ಅವನಿಗೆ ಬಹಳ ಸಂಕಟವಾಯಿತು.

“ಇದರ ಅಳತೆ ನನ್ನ ಹತ್ತಿರ ಇಲ್ಲ” ಎಂದ. ಯಾರೋ ಕಿಸಕ್ಕೆಂದು ನಕ್ಕರು. “ಕೋವಿ ಬಿಟ್ಟು ಹೋಗಿ. ಮಾಡಿ ಕೊಡುತ್ತೇನೆ.”

ಕೋವಿಯಲ್ಲಿ ಉಳಿದಿದ್ದ ಅದೇ ಅಳತೆಯ ಇನ್ನೊಂದು ತಿರುಪಿನ ಹಲ್ಲು ಎಣಿಸಿ, ಅದೊಂದಕ್ಕೆಂದೇ ಹೊಸ ಡೈ ಮಾಡಲು ಕೂತ. ಎರಡು ಸಲ ಕೆಟ್ಟಿತು. ಮೂರನೆಯದು ಬಂತು. ಆ ಡೈನಲ್ಲಿ ಕೊರೆದ ತಿರುಪು ಬೆರಳ ತುದಿಯಲ್ಲೇ ತಿರುಗುತ್ತ ಕೊನೆಯವರೆಗೂ ಇಳಿಯಿತು. ಹಬ್ಬದ ಬೆಳಿಗ್ಗೆ ಗುಂಡಿನ ಸದ್ದು ಅವನ ಅಂಗಡಿಯವರೆಗೂ ಕೇಳಿಸಿತು. ಕೂತವನು ಎದ್ದು ನಿಂತ, ಎದೆ ಉಬ್ಬಿತು.

“ಹಾಗಾದರೆ ನಲವತ್ತಕ್ಕೆ ಇನ್ನೊಂದು ಸೇರಿ ಅವನ ಹೆಮ್ಮೆ ಹೆಚ್ಚಾಯಿತು” ಎಂದ ಶಿಷ್ಯ.

ಗುರುಗಳು ಅವನ ಮುಖವನ್ನೇ ನೋಡಿದರು. “ನಲವತ್ತಿವೆ ಎಂದಾಗ ಮಾತಾಡಿದ್ದು ಪೆಟ್ಟಿಗೆ ಕಣಯ್ಯಾ, ಇಲ್ಲ ಎಂದಾಗ ಮಾತಾಡಿದ್ದು ಅವನು.”