ಎಲಿಸಮ್ಮನವರು ಮಾಡದ ಪ್ರಾರ್ಥನೆ

"ಗುಡ್ಡದ ಮಾತೆಯ ದೇವಾಲಯಕ್ಕೆ ಇದೇ ದಾರಿಯೇನಪ್ಪ?" ಎಂದು ಜೀಪಿನಿಂದ ತಲೆ ಹೊರಗೆ ಹಾಕಿ ಕೇಳಿದೆ. ಹುಣಸೆಮರದ ಕೆಳಗೆ ಕುಳಿತಿದ್ದ ಮುದುಕ ಮೊದಲು ನನ್ನನ್ನು ನೋಡಿದ, ಆಮೇಲೆ ಜೀಪನ್ನು ನೋಡಿದ, ಕೊನೆಗೆ ಜೀಪಿನ ನೆತ್ತಿಯ ಮೇಲೆ ಹಗ್ಗದಿಂದ ಬಿಗಿದಿದ್ದ ಹೊಸ ತಗಡಿನ ಟ್ರಂಕಿನ ಮೇಲೆ ಕಣ್ಣು ನಿಲ್ಲಿಸಿದ.

"ಇದು ದಾರಿಯೇ ಅಲ್ಲ ಕಣವ್ವ," ಎಂದ. "ಇದು ಹಳ್ಳ. ಮಳೆ ಬಂದ್ರ ನೀರು ಹೋಯ್ತದ. ಬರ್ದಿದ್ರ ನಿಮ್ಮಂಥೋರು ಹೋಯ್ತರ."

ಹಿಂದಿನ ಸೀಟಿನಲ್ಲಿದ್ದ ಅರ್ಪಿತ ಕಿಸಕ್ಕನೆ ನಕ್ಕಳು. ಮನೆ ಬಿಟ್ಟಾಗಿನಿಂದ ಅವಳ ಮುಖದಲ್ಲಿ ಕಂಡ ಮೊದಲ ನಗು ಅದು. ಅವಳ ಪಕ್ಕದಲ್ಲಿದ್ದ ನನ್ನ ಅಕ್ಕ ಸಲೇತಮ್ಮ ಒಂದು ಕೈಯಲ್ಲಿ ಜಪಸರದ ಮಣಿ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ಮಗಳ ತೊಡೆ ಚಿವುಟಿದಳು.

ಫೋನಿನ ನಕ್ಷೆ ನಮ್ಮನ್ನು ಹನೂರಿನಾಚೆ ಈ ಹಳ್ಳಕ್ಕೆ ಇಳಿಸಿ, ಸಂಪರ್ಕ ಕಡಿದುಕೊಂಡು ಸುಮ್ಮನಾಗಿತ್ತು. ಮಸ್ಕತ್ತಿನ ಮರಳಿನಲ್ಲಿ ಒಬ್ಬಳೇ ಗಾಡಿ ಓಡಿಸಿದವಳು ನಾನು. ಹುಟ್ಟಿದ ಜಿಲ್ಲೆಯಲ್ಲಿ ದಾರಿ ತಪ್ಪಿದ್ದೆ.

ಮುದುಕನ ಹೆಸರು ಚೌರಪ್ಪ. ಅವನ ಗುಡಿಸಲ ಗೋಡೆಯ ತುಂಬ ಬಾಯಿ ಒಡೆದ ಮಡಕೆಗಳನ್ನು ಅಡ್ಡಲಾಗಿ ಕಟ್ಟಿದ್ದ. ಒಂದೊಂದರಿಂದಲೂ ಒಂದೊಂದು ಪಾರಿವಾಳ ಇಣುಕುತ್ತಿತ್ತು. "ಹಿಂದಕ ತಿರುಗ್ಸಿ. ಗುಂಡುಬಂಡೆ ಸಿಕ್ಕಿದ್ ತಾವು ಬಲಕ್ಕ ಹತ್ಬುಡಿ," ಎಂದು ಹೇಳಿ ಮತ್ತೆ ಟ್ರಂಕಿನತ್ತ ಗದ್ದ ಎತ್ತಿದ. "ಒಳ್ಳೆ ಪೆಟ್ಟಿಗ. ಇಲಿ ಬಾಯಿ ಹಾಕಕ್ಕಾಗಲ್ಲ. ನನ್ನ ಪಾರ್ವಾಳದ ಕಾಳೆಲ್ಲ ಇಲಿ ಪಾಲಾಯ್ತಾ ಅದ."

"ಅದು ಕೊಡೋ ಸಾಮಾನಲ್ಲ. ಕನ್ಯಾಮಠಕ್ಕೆ ಹೋಗೋದು," ಎಂದಳು ಅಕ್ಕ.

"ಯಾರು, ಪೆಟ್ಟಿಗನಾ?"

"ನನ್ನ ಮಗಳು."

ಚೌರಪ್ಪ ಅರ್ಪಿತಳ ಮುಖ ನೋಡಿದ. "ಆ ಮಗೀಗ ಇದ ಹೇಳಿದ್ದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾರಿವಾಳಗಳ ಕಡೆ ತಿರುಗಿದ.

ಅಕ್ಕ ಈ ಗುಡ್ಡಕ್ಕೆ ಹಿಂದೆ ಒಂದೇ ಬಾರಿ ಬಂದಿದ್ದಳು. ಆಗ ಅರ್ಪಿತ ಹಸುಗೂಸು. ಜ್ವರ ನೆತ್ತಿಗೇರಿ, ಕಣ್ಣು ಮೇಲಾಗಿ, ಡಾಕ್ಟರು ಕೈ ಚೆಲ್ಲಿದ್ದರು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಿನಲ್ಲಿ ಗುಡ್ಡ ಹತ್ತಿದ ಅಕ್ಕ, "ಇವಳು ಉಳಿದರೆ ನಿಮಗೇ ಒಪ್ಪಿಸುತ್ತೇನೆ ತಾಯಿ, ಕನ್ಯಾಸ್ತ್ರೀ ಮಾಡುತ್ತೇನೆ" ಎಂದು ಮಾತೆಯ ಮುಂದೆ ಹರಕೆ ಹೊತ್ತಳು. ಕೂಸು ಉಳಿಯಿತು. ಅರ್ಪಿತ ಎಂದೇ ಹೆಸರಿಟ್ಟರು. ಹರಕೆ ಬಾಕಿಯಿರುವಾಗ ಆ ದೇವಾಲಯದ ಮೆಟ್ಟಿಲು ಮತ್ತೆ ತುಳಿಯಬಾರದೆಂಬುದು ನಮ್ಮ ಕಡೆಯ ಕ್ರೈಸ್ತರ ನಡಾವಳಿ. ಸಾಲಗಾರ ಸಾಹುಕಾರನ ಬೀದಿ ತಪ್ಪಿಸಿ ಓಡಾಡುವ ಹಾಗೆ. ಅದಕ್ಕೇ ಅಕ್ಕ ಇತ್ತ ತಲೆ ಹಾಕಿರಲಿಲ್ಲ, ದಾರಿಯೂ ಮರೆತುಹೋಗಿತ್ತು.

ಈಗ ಅರ್ಪಿತಳಿಗೆ ಹದಿನೆಂಟು ತುಂಬಿದೆ. ಪಶುವೈದ್ಯಕೀಯ ಡಿಪ್ಲೊಮಾಗೆ ಸೀಟು ಸಿಕ್ಕಿದೆ. ಕನ್ಯಾಮಠದಲ್ಲೂ ಜಾಗ ಗೊತ್ತಾಗಿದೆ. ಮುಂದಿನ ವಾರದೊಳಗೆ ಸೇರಬೇಕು. "ನಾನು ಹೋಗೋದಿಲ್ಲ" ಎಂದು ಹುಡುಗಿ ಕಂಬ ಹಿಡಿದು ಕೂತಿದ್ದಳು. ಅಷ್ಟರಲ್ಲಿ ಅವಳಿಗೆ ಕಾಮಾಲೆ ಬೇರೆ ಬಂದುಹೋಯಿತು. ಮಾತೆ ಬಾಕಿ ನೆನಪಿಸುತ್ತಿದ್ದಾರೆ ಎಂದು ಓಣಿಯ ಹೆಂಗಸರು ಕಣ್ಣರಳಿಸಿದರು. ಅವಳಿದ್ದ ಕಾಲೇಜು ಹಾಸ್ಟೆಲಿನ ನೀರಿನಿಂದ ಬಂದದ್ದು ಎಂದು ನಾನು ಹೇಳಿದೆ. "ನೀನು ನರ್ಸು ಫಿಲೋ, ದೇವರ ಗುಮಾಸ್ತೆಯಲ್ಲ," ಎಂದು ಅಕ್ಕ ನನ್ನ ಬಾಯಿ ಮುಚ್ಚಿಸಿದ್ದಳು. ಗುಡ್ಡದಲ್ಲಿರುವ ಎಲಿಸಮ್ಮನವರಿಂದ ಒಂದು ಪ್ರಾರ್ಥನೆ ಮಾಡಿಸಿದರೆ ಹುಡುಗಿಯ ಮನಸ್ಸು ತಿರುಗುತ್ತದೆ ಎಂಬುದು ಅವಳ ಕೊನೆಯ ಆಸೆ. ಟ್ರಂಕನ್ನೂ ಕಟ್ಟಿಕೊಂಡೇ ಹೊರಟಿದ್ದಳು. ಮನಸ್ಸು ತಿರುಗಿದ ಗಳಿಗೆಯಲ್ಲೇ ಅಲ್ಲಿಂದ ನೇರ ಮಠಕ್ಕೆ.

ಎಲಿಸಮ್ಮನವರೂ ಕನ್ಯಾಸ್ತ್ರೀಯೇ. ಮಠದ ಸೇವೆಯಿಂದ ನಿವೃತ್ತರಾದ ಮೇಲೆ ಆ ಕಲ್ಲುಗುಡ್ಡದಲ್ಲಿ ಒಂದೇ ಕೋಣೆಯ ಹೆಂಚಿನ ಮನೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಒಲೆ, ಒಂದು ಶಿಲುಬೆ. ಅವರು ಪ್ರಾರ್ಥಿಸಿದ್ದು ಸಲ್ಲುತ್ತದೆ ಎಂದು ಸುತ್ತಣ ಹತ್ತು ಹಳ್ಳಿಯವರು ನಂಬಿದ್ದರು. ಅವರು ಎಷ್ಟು ಪ್ರಾರ್ಥನೆಗಳನ್ನು ಬೇಡವೆಂದು ಹಿಂದಿರುಗಿಸಿದ್ದಾರೆಂಬುದನ್ನು ಮಾತ್ರ ಯಾರೂ ಹೇಳಿಕೊಂಡು ತಿರುಗುತ್ತಿರಲಿಲ್ಲ.

ನಾವು ಹೋದಾಗ ಅಮ್ಮನವರು ಅಂಗಳದಲ್ಲಿ ಒಲೆಯ ಮುಂದೆ ಕುಳಿತು, ಭಕ್ತರು ಹಚ್ಚಿಹೋದ ಮೇಣದಬತ್ತಿಗಳ ತುಂಡುಗಳನ್ನು ಬಾಣಲೆಯಲ್ಲಿ ಕರಗಿಸುತ್ತಿದ್ದರು. ಕರೆಂಟಿಲ್ಲದ ಕಾಡಂಚಿನ ಹಟ್ಟಿಗಳಿಗೆ ಅದರಿಂದ ಹೊಸ ಬತ್ತಿ ಮಾಡಿ ಕಳಿಸುವುದು ಅವರ ರೂಢಿ. ಅಕ್ಕ ಅವರ ಪಾದ ಮುಟ್ಟಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಇವಳು ದೇವರ ಚಿತ್ತಕ್ಕೆ ತಲೆಬಾಗುವ ಹಾಗೆ ಪ್ರಾರ್ಥನೆ ಮಾಡಿ ಅಮ್ಮ," ಎಂದು ಕೈಮುಗಿದಳು.

ಅಮ್ಮನವರು ಬಾಣಲೆಯಿಂದ ಕಣ್ಣೆತ್ತದೆ, "ಆ ಪ್ರಾರ್ಥನೆ ನಾನು ಮಾಡೋದಿಲ್ಲ ಮಗಳೇ," ಎಂದರು.

ಅಕ್ಕನ ಮುಖ ಬಿಳಿಚಿತು. "ನಾನು ನನಗೋಸ್ಕರ ಏನೂ ಕೇಳ್ತಾ ಇಲ್ಲವಲ್ಲ. ದೇವರ ಚಿತ್ತ ನಡೀಲಿ ಅಂತ ತಾನೇ?"

"ಇದು ದೇವರ ಚಿತ್ತ ಅಂತ ನಿನಗೆ ಹೇಳಿದವರಾರು?"

"ನಾನೇ ಹರಕೆ ಹೊತ್ತೆ."

"ಹಾಗಾದರೆ ಅದು ನಿನ್ನ ಚಿತ್ತ. ದೇವರ ರುಜು ಹಾಕಿಸೋದಕ್ಕೆ ನನ್ನ ಹತ್ತಿರ ತಂದಿದ್ದೀ."

ಅಮ್ಮನವರು ದೇವಾಲಯದ ಬಾಗಿಲತ್ತ ಕೈತೋರಿದರು. "ಒಳಗೆ ಹೋಗಿ ಪ್ರಭು ಕಲಿಸಿದ ಪರಲೋಕ ಮಂತ್ರ ಹೇಳು. 'ನಿಮ್ಮ ಚಿತ್ತ' ಅನ್ನೋ ಕಡೆ ನಿಂತುಬಿಡು. ನಿಜವಾಗಿ ಹೇಳೋದಕ್ಕಾಗುವ ತನಕ ಮುಂದೆ ಹೋಗಬೇಡ."

ಅಕ್ಕ ಹೋದಳು. ಹರಕೆ ಬಾಕಿಯಿರುವ ಹೊಸಿಲನ್ನು ದಾಟುವಾಗ ಅವಳ ಕಾಲು ತಡವರಿಸಿದ್ದು ನನಗೆ ಕಂಡಿತು.

ಅಮ್ಮನವರು ಅರ್ಪಿತಳ ಕೈಗೆ ನೂಲಿನ ಉಂಡೆ ಕೊಟ್ಟು ಬತ್ತಿ ಹೊಸೆಯಲು ಹೇಳಿದರು. "ನಿನಗೇನಾಗಬೇಕು?"

"ದನದ ಡಾಕ್ಟರಿಕೆ ಓದಬೇಕು."

"ದೇವರ ಮುಂದೆ ಇದನ್ನಿಟ್ಟಿದ್ದೀಯಾ?"

"ಇಲ್ಲ." ಹುಡುಗಿ ತಲೆ ಎತ್ತಿದಳು. "ಇಟ್ಟ ಮೇಲೆ ಅವರೂ ನಮ್ಮಮ್ಮನ ಕಡೆಗೇ ಸೇರಿಕೊಂಡುಬಿಟ್ಟರೆ?"

ಅಮ್ಮನವರು ನಕ್ಕರು. ಹಲ್ಲಿಲ್ಲದ, ಸದ್ದಿಲ್ಲದ ನಗು. "ನನ್ನನ್ನೂ ಹರಕೆಗೆ ಅಂತಲೇ ಕೊಟ್ಟರು ಕಣೇ. ಕೊಟ್ಟವರು ನಮ್ಮಪ್ಪ. ನನ್ನನ್ನು ನಾನು ಕೊಟ್ಟದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಡುವೆ ನನ್ನ ಸಿಟ್ಟು ಎಂಥದ್ದು ಅಂತ ಮಠದ ಅಡಿಗೆಮನೆ ಪಾತ್ರೆಗಳನ್ನು ಕೇಳಬೇಕು. ಒಂದಕ್ಕೂ ನೆಟ್ಟಗಿನ ಅಂಚು ಇರಲಿಲ್ಲ." ಆಮೇಲೆ ನಗು ನಿಲ್ಲಿಸಿ, "ನೀನೂ ದೇವರ ಮುಂದೆ ಇಡು. ಅಂಜಿ ಬಚ್ಚಿಟ್ಟುಕೊಳ್ಳೋದು ನಿನಗೆ ತಾಯಿಯಿಂದ ಬಂದದ್ದು. ಅಲ್ಲಿಗೇ ಸಾಕು ಮಾಡು," ಎಂದರು.

ದೇವಾಲಯದ ಬಾಗಿಲು ಗೋಡೆಗೆ ಬಡಿದ ಸದ್ದಾಯಿತು. ಅಕ್ಕ ಹೊರಗೆ ಬಂದಿದ್ದಳು. ಸೆರಗು ತಲೆಯಿಂದ ಜಾರಿತ್ತು. ಅಷ್ಟು ಸಿಟ್ಟಿನಲ್ಲಿ ನಾನು ಅವಳನ್ನು ನೋಡಿದ್ದೇ ಇಲ್ಲ.

"ಅಲ್ಲಿ ನಿಲ್ಲೋದಕ್ಕೆ ಆಗಲ್ಲ ಅಮ್ಮ! ನಿಂತರೆ ಇವಳ ಹೆಣವೇ ಕಣ್ಣಿಗೆ ಕಟ್ಟುತ್ತೆ. ಬಾಕಿ ತೀರಿಸದಿದ್ದರೆ ಕೊಟ್ಟದ್ದನ್ನು ವಾಪಸು ತಗೋತಾರೆ. ಕಾಮಾಲೆ ಕಳಿಸಿ ತೋರಿಸಿದ್ದಾರೆ. ಇವಳು ಮಠದಲ್ಲಿ ಅಳ್ತಾ ಇದ್ದರೂ ಪರವಾಗಿಲ್ಲ, ಉಸಿರಾಡ್ತಾ ಇರಲಿ."

ಅರ್ಪಿತಳ ಕೈಯಿಂದ ನೂಲಿನ ಉಂಡೆ ಜಾರಿ ಅಂಗಳದಲ್ಲಿ ಉರುಳಿತು. ತಾಯಿಯ ಹಟದ ಹಿಂದೆ ಇದ್ದದ್ದು ಇದು ಎಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಅಮ್ಮನವರು ಮೇಣ ಮೆತ್ತಿದ ಕೈಗಳನ್ನೂರಿ ಎದ್ದು ನಿಂತರು. ಕುಳ್ಳಗಿನ, ಬೆನ್ನು ಬಾಗಿದ ದೇಹ. ಆದರೂ ಅವರೆದುರು ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಮಗು ಉಳಿಸಿ, ಅದನ್ನೇ ಬಡ್ಡಿಗೆ ಎಳೆದುಕೊಂಡು ಹೋಗೋ ದೇವರನ್ನು ನಾನು ಕಾಣೆ," ಎಂದರು. "ನನ್ನ ದೇವರು ತನ್ನ ಮಗನನ್ನು ಕೊಟ್ಟವನು. ಬೇರೆಯವರ ಮಕ್ಕಳನ್ನು ಜಫ್ತಿ ಮಾಡೋನಲ್ಲ. ನಿನಗೇನು ಬೇಕು, ಅದನ್ನು ಬಾಯಿಬಿಟ್ಟು ಹೇಳು."

"ಇವಳು ಬದುಕಿರಬೇಕು." ಅಕ್ಕ ಮಗಳ ಕಡೆ ಕೈ ಚಾಚಿದಳು. "ನಾನು ಇವಳನ್ನು ಕೊಡಲಾರೆ. ಅವತ್ತೂ ಕೊಡೋ ಮನಸ್ಸಿರಲಿಲ್ಲ."

"ಇದನ್ನು ಒಂದು ದಿನವಾದರೂ ದೇವರಿಗೆ ಹೇಳಿದ್ದೀಯಾ?"

"ದೇವರಿಗೆ ಎದುರು ಹೇಳೋದೇ?"

"ಪ್ರಭು ಯೇಸು ಹೇಳಿದರಲ್ಲ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ. ಈ ಸಂಕಟದ ಪಾತ್ರೆ ನನಗೆ ಬೇಡ ಅಂತ ಬೆವರು ನೆತ್ತರಾಗುವ ಹಾಗೆ ಹೇಳಿದರು. ಅದನ್ನು ಹೇಳಿದ ಮೇಲೆ ನಿಮ್ಮ ಚಿತ್ತ ಅಂದರು. ನೀನು ಮೊದಲಿನ ಮಾತು ನುಂಗಿ ಎರಡನೇದು ಮಾತ್ರ ಒಪ್ಪಿಸ್ತೀಯ. ಅದು ಪ್ರಾರ್ಥನೆಯಲ್ಲ ಮಗಳೇ. ಅಂಜಿದವರು ಹೊಡೆಯೋ ಸಲಾಮು."

ದೇವರ ಚಿತ್ತ ಎಂಬ ಮಾತನ್ನು ನಾನು ಮೂರು ದೇಶಗಳ ಆಸ್ಪತ್ರೆಗಳಲ್ಲಿ, ಐದಾರು ಭಾಷೆಗಳಲ್ಲಿ ಕೇಳಿದ್ದೇನೆ. ವಾರ್ಡಿನ ಹೊರಗೆ ನಿಂತವರು ಎಲ್ಲ ಭಾಷೆಯಲ್ಲೂ ಅದನ್ನು ತಲೆ ತಗ್ಗಿಸಿಯೇ ಹೇಳುತ್ತಿದ್ದರು. ಕೇಳಿ ಕೇಳಿ ಆ ಮಾತಿನ ಮೇಲೆಯೇ ನನಗೆ ಅಸಹ್ಯ ಬಂದಿತ್ತು. ತಲೆಯೆತ್ತಿ ಹೇಳುವ ಬಗೆಯೂ ಒಂದಿದೆ ಎಂದು ಹೇಳಿದವರನ್ನು ಕಂಡದ್ದು ಆ ಅಂಗಳದಲ್ಲೇ ಮೊದಲು.

ಅಕ್ಕ ಬಹಳ ಹೊತ್ತು ಅತ್ತಳು. ಆಮೇಲೆ ಸಣ್ಣ ದನಿಯಲ್ಲಿ, "ಆದರೆ ಹರಕೆ ಹೊತ್ತದ್ದು ಸುಳ್ಳಲ್ಲವಲ್ಲ ಅಮ್ಮ," ಎಂದಳು.

"ಸುಳ್ಳಲ್ಲ. ಹೊತ್ತವಳು ನೀನು, ತೀರಿಸಬೇಕಾದವಳೂ ನೀನೇ. ಮಗಳ ಬೆನ್ನಿಗೆ ಯಾಕೆ ಹೊರಿಸ್ತೀ? ನಿಮ್ಮ ಚರ್ಚಿನ ಗುರುಗಳನ್ನು ಕೇಳು, ಅವರೂ ಇದನ್ನೇ ಹೇಳ್ತಾರೆ." ಅಮ್ಮನವರು ಮತ್ತೆ ಒಲೆಯ ಮುಂದೆ ಕುಳಿತರು. "ದೇವಮಾತೆಯೂ ಯೇಸುಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದರು, ಒಪ್ಪಿಸೋದಕ್ಕೆ. ಏನು ಕೊಟ್ಟು ಬಂದರು?"

ಅಕ್ಕ ಕಣ್ಣೊರೆಸಿಕೊಂಡಳು. ಜಪಸರ ಹೇಳುವಾಗ ನೆನೆಯುವ ಯೇಸುವಿನ ಬಾಳಿನ ರಹಸ್ಯಗಳಲ್ಲಿ ಅದೊಂದು, ಅವಳು ಸಾವಿರ ಸಲ ಧ್ಯಾನಿಸಿದ್ದಳು. "ಎರಡು ಪಾರಿವಾಳ."

"ಕೂಸು?"

"ಮನೆಗೆ... ಮನೆಗೆ ಕರಕೊಂಡು ಹೋದರು."

"ಭಕ್ತಿಯಲ್ಲಿ ನೀನು ಅವರನ್ನೂ ಮೀರಿಸಬೇಕೆ?"

ಅಕ್ಕ ಒಲೆಯ ಪಕ್ಕದಲ್ಲಿ ಕುಳಿತಳು. ಮೇಲೆ ಗಂಟೆಗೋಪುರದ ತುಂಬ ಕಾಡುಪಾರಿವಾಳಗಳು ಗುಟುರು ಹಾಕುತ್ತಿದ್ದವು. ಅವಳು ಅತ್ತ ನೋಡಿದ್ದನ್ನು ಗಮನಿಸಿದ ಅಮ್ಮನವರು, "ಅವು ಆಗಲೇ ಮಾತೆಯವು. ಅವರದ್ದನ್ನೇ ಹಿಡಿದು ಅವರಿಗೆ ಕೊಡಬೇಡ," ಎಂದರು.

ಅಕ್ಕ ಎದ್ದು ಜೀಪಿನ ಹತ್ತಿರ ಹೋಗಿ ತಾನೇ ಹಗ್ಗ ಬಿಚ್ಚಿದಳು. ಟ್ರಂಕು ಇಳಿಸಿ, ಅದರೊಳಗಿದ್ದ ಬಿಳಿಯ ಸೀರೆಗಳು, ಸ್ಟೀಲು ತಟ್ಟೆ, ಲೋಟ, ಹೊಸ ಹೊದಿಕೆ ಎಲ್ಲವನ್ನೂ ಹಿಂದಿನ ಸೀಟಿನ ಮೇಲೆ ಸುರಿದಳು. "ಗಾಡಿ ತೆಗಿ ಫಿಲೋ. ಆ ಹುಣಸೆಮರದ ಹತ್ತಿರ."

ಟ್ರಂಕನ್ನು ಚೌರಪ್ಪನ ಕಾಲ ಬುಡದಲ್ಲಿಟ್ಟು ಅಕ್ಕ ಬದಲಿಗೆ ಎರಡು ಪಾರಿವಾಳ ಕೇಳಿದಾಗ ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಮುಚ್ಚಳ ತೆಗೆದು ಮುಚ್ಚಿ, ಬೆರಳಿನಿಂದ ತಗಡು ತಟ್ಟಿದ. "ಹೋಗೋದು ಪೆಟ್ಟಿಗನೇನೋ ಅಂತ ನಾನು ಆಗ್ಲೇ ಕೇಳ್ಲಿಲ್ವಾ," ಎಂದ. ಮಡಕೆಗಳಿಗೆ ಕೈ ಹಾಕಿ ಒಂದು ಬೂದುಬಣ್ಣದ್ದನ್ನೂ ಒಂದು ಬಿಳಿಯದನ್ನೂ ತೆಗೆದು ಅವಳ ಎರಡು ಕೈಗೆ ಕೊಟ್ಟ. "ಬಿಗಿ ಹಿಡೀಬೇಡಿ ತಾಯಿ. ಪಾರ್ವಾಳ ಬಿಗಿ ಹಿಡಿದ್ರ ಸಾಯ್ತದ."

ಗುಡ್ಡಕ್ಕೆ ಮರಳುವ ದಾರಿಯುದ್ದಕ್ಕೂ ಅಕ್ಕ ಅವುಗಳನ್ನು ಎದೆಗಾನಿಸಿಕೊಂಡು ಕುಳಿತಿದ್ದಳು. ಅರ್ಪಿತ ಪಕ್ಕದಿಂದ, "ರೆಕ್ಕೆ ಮೇಲೆ ಬೆರಳು ಹೀಗಿಡಮ್ಮ," ಎಂದು ತೋರಿಸಿಕೊಟ್ಟಳು. ಅಕ್ಕ ಮಗಳು ಹೇಳಿದ ಹಾಗೆ ಹಿಡಿದಳು.

ಪೀಠದ ಮುಂದೆ ನಿಂತು ಅಕ್ಕ ಪಾರಿವಾಳಗಳನ್ನು ಎತ್ತಿ ತೋರಿಸಿದಳು. ಅವಳು ಪಿಸುಗುಡಲಿಲ್ಲ. "ತಾಯಿ, ನನಗೆ ಮಗಳು ಬೇಕು. ಅಂದು ಹೆದರಿ ಬೇರೆ ಹೇಳಿದೆ, ಇಂದು ಇದ್ದದ್ದು ಹೇಳ್ತಿದ್ದೀನಿ. ನೀವು ಪಾರಿವಾಳ ಕೊಟ್ಟು ಮಗನನ್ನು ಬಿಡಿಸಿಕೊಂಡ ಹಾಗೆ ನಾನೂ ಕೊಟ್ಟು ಬಿಡಿಸಿಕೊಳ್ಳುತ್ತಿದ್ದೇನೆ. ಮುಂದಿನ ದಾರಿಯನ್ನು ಇವಳು ನಿಮ್ಮ ಮಗನ ಹತ್ತಿರವೇ ಕೇಳಿಕೊಳ್ಳಲಿ. ಮಠಕ್ಕೇ ಬಾ ಅಂದರೆ ಇವಳೇ ನಡೆದು ಹೋಗಲಿ. ನಾನು ತಳ್ಳೋದಿಲ್ಲ, ತಡೆಯೋದೂ ಇಲ್ಲ."

ಬಾಗಿಲಿಗೆ ಬಂದು ಕೈ ಬಿಡಿಸಿದಳು. ಪಾರಿವಾಳಗಳು ರಪರಪನೆ ಮೇಲೆದ್ದು, ಗಂಟೆಗೋಪುರವನ್ನು ಒಂದು ಸುತ್ತು ಬಳಸಿ, ಹುಣಸೆಮರದ ದಿಕ್ಕಿಗೆ ನೆಟ್ಟಗೆ ಹಾರಿಹೋದವು. ಚೌರಪ್ಪನಿಗೆ ಟ್ರಂಕೂ ಸಿಕ್ಕಿತು, ಪಾರಿವಾಳವೂ ಉಳಿಯಿತು ಎಂದು ನನ್ನ ಲೌಕಿಕ ಬುದ್ಧಿ ಲೆಕ್ಕ ಹಾಕಿತು.

ಅಕ್ಕನ ಮುಖದಲ್ಲಿ ಹಳೆಯ ಅಂಜಿಕೆ ಒಮ್ಮೆ ಸುಳಿಯಿತು. "ಅಯ್ಯೋ, ಮನೆಗೇ ಹೊರಟುಹೋದವಲ್ಲ ಅಮ್ಮ. ಹರಕೆ ಸಂದಿತೇ?"

ಅಂಗಳದಲ್ಲಿ ಬತ್ತಿಗಳನ್ನು ಒಪ್ಪವಾಗಿ ಜೋಡಿಸುತ್ತಿದ್ದ ಎಲಿಸಮ್ಮನವರು, "ಅಂದು ಆ ಕೂಸೂ ಮನೆಗೇ ಹೋಯಿತಲ್ಲ," ಎಂದರು.

ಅಕ್ಕ ಖಾಲಿ ಕೈಗಳನ್ನು ನೋಡಿಕೊಂಡಳು. ಅಂಗೈಗೆ ಅಂಟಿದ್ದ ಒಂದು ಪುಕ್ಕವನ್ನು ಊದಿದಳು. ಆಮೇಲೆ ಪೀಠದ ಕಡೆಗೆ ತಿರುಗಿ, ಮೊದಲು ನಿಲ್ಲಿಸಿದ್ದ ಜಾಗದಿಂದ ಪರಲೋಕ ಮಂತ್ರವನ್ನು ಎತ್ತಿಕೊಂಡಳು. "ನಿಮ್ಮ ಚಿತ್ತವು ಸ್ವರ್ಗದಲ್ಲಿ ನೆರವೇರುವಂತೆ ಭುವಿಯಲ್ಲಿಯೂ ನೆರವೇರಲಿ," ಎಂದಳು, ತಲೆಯೆತ್ತಿ, ಗೋಪುರದ ಹಕ್ಕಿಗಳು ಬೆಚ್ಚಿ ಏಳುವಷ್ಟು ಗಟ್ಟಿಯಾಗಿ. ಮತ್ತೆ ಎಲ್ಲಿಯೂ ನಿಲ್ಲದೆ ಕೊನೆಯವರೆಗೂ ಹೇಳಿ ಮುಗಿಸಿದಳು.