ಬೆಳ್ಳಿಯ ಚಪ್ಪಲಿ

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮ. ಆಶ್ರಮದಲ್ಲಿ ಒಂದು ಶಿಶುವಿಹಾರ. ಅದನ್ನು ನಡೆಸುತ್ತಿದ್ದವರು ಸರ್ವಮಂಗಳಮ್ಮ. ಮಕ್ಕಳಿಗೆ ಅವರು ಅಜ್ಜಿ, ಉಳಿದವರಿಗೆಲ್ಲ ಅಮ್ಮ.

ಅವರ ಬಳಿ ಕಲಿಯಲು ಕುಮುದಾ ಎಂಬ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಶಿಶು ಶಿಕ್ಷಣದ ಪದವಿಗೆ ಓದುತ್ತಿದ್ದಳು. ಬರೆಯುವ ಪರೀಕ್ಷೆಗಳಲ್ಲೆಲ್ಲ ಅವಳೇ ಮೊದಲು. ಮಕ್ಕಳ ಜೊತೆಗಿನ ಪರೀಕ್ಷೆಯಲ್ಲಿ ಮಾತ್ರ ಹೋದ ವರ್ಷ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಪದವಿಯ ಆಸೆ ಬಿಡಬೇಕಾಗಿತ್ತು.

ಆ ಭಯ ಅವಳ ಕಾಲಿನಲ್ಲಿ ಕಾಣುತ್ತಿತ್ತು. ಕೂತರೆ ಮಂಡಿ ಅಲ್ಲಾಡುತ್ತಿತ್ತು, ನಿಂತರೆ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

“ಅಮ್ಮ, ನಾನಿಲ್ಲಿ ಏನು ಮಾಡ್ಬೇಕು?”

“ಕೂತ್ಕೋ.”

“ಕೂತ್ಕೊಂಡು?”

“ಕೂತ್ಕೊಂಡ ಮೇಲೆ ಕೇಳು.”

ಅವಳು ಕೂರಲಿಲ್ಲ. ಒಂದು ಮಗು ಅನ್ನ ಕಲಸುತ್ತಿದ್ದರೆ ತಟ್ಟೆ ಎಳೆದುಕೊಂಡು ತಾನೇ ಕಲಸಿ ತಿನ್ನಿಸಿದಳು. ಇನ್ನೊಂದು ಮಗು ಆನೆ ಬರೆಯುತ್ತಿದ್ದರೆ ಬಳಪ ಕಸಿದು ಸೊಂಡಿಲು ಸರಿಮಾಡಿದಳು. ಪಾಪ, ಕೆಟ್ಟ ಹುಡುಗಿಯಲ್ಲ, ಕೈ ಸುಮ್ಮನಿರದ ಹುಡುಗಿ. ಮಕ್ಕಳು ಅವಳಿಗೆ ಹೆದರುತ್ತಿರಲಿಲ್ಲ. ಆದರೆ ಅವಳು ಬಂದಳೆಂದರೆ ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದವು.

ಹರಿಗೋಲು ನಡೆಸುವ ಮಾದಯ್ಯನ ಮಗಳು ಬೆಳ್ಳಿ. ಅವಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಅಪ್ಪ ಅವಳಿಗೆ ಬಕಲ್ ಇರುವ ಹೊಸ ಚಪ್ಪಲಿ ತಂದುಕೊಟ್ಟಿದ್ದ. ಒಂದು ಸಂಜೆ ಮನೆಗೆ ಹೊರಡುವ ಹೊತ್ತಿಗೆ ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತು ಅದರ ಜೊತೆ ಹೆಣಗುತ್ತಿದ್ದಳು. ಪಟ್ಟಿ ಬಕಲಿನೊಳಗೆ ಹೋಗುತ್ತಿತ್ತು, ಜಾರಿ ಹೊರಗೆ ಬರುತ್ತಿತ್ತು.

“ಕೊಡು ಇಲ್ಲಿ,” ಎಂದಳು ಕುಮುದಾ.

“ನಾನೇ.”

“ಅಪ್ಪ ಕಾಯ್ತಾ ಇದಾರೆ ಪುಟ್ಟಿ.”

“ನಾನೇ.”

ಕುಮುದಾ ಬಗ್ಗಿ ಚಕಚಕನೆ ಎರಡೂ ಚಪ್ಪಲಿ ಹಾಕಿಬಿಟ್ಟಳು. ಬೆಳ್ಳಿ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಕಿತ್ತು ಅಂಗಳಕ್ಕೆಸೆದು, ಅಳುತ್ತಾ ಬರಿಗಾಲಲ್ಲಿ ಹೊಳೆಯ ಕಡೆಗೆ ಓಡಿದಳು.

ಭಜನೆ ಮುಗಿದ ಮೇಲೆ ಕುಮುದಾ ದೂರು ಒಯ್ದಳು.

“ಅಮ್ಮ, ಆ ಮಗೂಗೆ ಹಟ ಜಾಸ್ತಿ. ಏನಂದ್ರೂ ನಾನೇ, ನಾನೇ. ‘ನಾನು’ ಅನ್ನೋದನ್ನ ಬಿಡಿ ಅಂತ ಸ್ವಾಮಿಗಳು ದಿನಾ ಹೇಳ್ತಾರೆ. ಇವಳು ಈಗಲೇ ಹೀಗಾದ್ರೆ ಹೇಗೆ?”

“ಇನ್ನೂ ಬಾರದೇ ಇರೋದನ್ನ ಬಿಡೋಕಾಗುತ್ತಾ?”

ಕುಮುದಾಗೆ ಅರ್ಥವಾಗಲಿಲ್ಲ. ಅಮ್ಮ ದೀಪದ ಬತ್ತಿ ಸರಿಮಾಡುತ್ತಾ ಕೇಳಿದರು, “ನೀನು ಬಿಟ್ಟಿದೀಯಾ?”

“ಸುಮಾರಾಗಿ ಬಿಟ್ಟಿದೀನಿ ಅಮ್ಮ.”

“ಒಳ್ಳೇದಾಯ್ತು. ಹಾಗಾದ್ರೆ ನಾಳೆ ನಿನ್ನ ಕೆಲಸವೆಲ್ಲ ನಾನು ಮಾಡಿಕೊಡ್ತೀನಿ.”

“ನಾಳೆ ನನ್ನ ಪರೀಕ್ಷೆ.”

“ಗೊತ್ತು.”

ಬೆಳಗ್ಗೆ ಅಮ್ಮ ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು ತಾವೇ ತಲೆ ಬಾಚಿದರು. ಬೈತಲೆ ಸೊಟ್ಟಗಾಯಿತು. ಉಪ್ಪಿಟ್ಟನ್ನು ತುತ್ತು ಮಾಡಿ, “ಬಾಯಿ ತೆಗಿ,” ಎಂದರು. ಕುಮುದಾ ನಾಚಿಕೊಂಡು ನಕ್ಕಳು. ಆ ತುತ್ತು ನುಂಗುವ ಮೊದಲೇ ಇನ್ನೊಂದು ತುತ್ತು ಬಂತು. ಆಗ ನಗಲಿಲ್ಲ.

“ಅಮ್ಮ, ಮಕ್ಕಳಿಗೆ ಈಗ…”

“ನೀರು ಕೊಡ್ಬೇಕು, ಅಷ್ಟೇ ತಾನೆ? ಕೊಟ್ಟೆ.”

ಅವಳು ಹೇಳಹೊರಟಿದ್ದು ಬೇರೆ ಏನೋ. ಚಾಪೆ ಹಾಸಲು ಬಗ್ಗಿದರೆ ಅಮ್ಮ ಹಾಸಿಬಿಟ್ಟಿದ್ದರು. ಗೊಂಬೆ ಜೋಡಿಸಲು ಹೋದರೆ ಅಮ್ಮ ಜೋಡಿಸಿಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಉಸಿರು ಕಟ್ಟಿದಂತಾಗಿ, ಕೂಗಿಬಿಡಬೇಕು ಅನ್ನಿಸಿತು. ಹಿರಿಯರು ಎಂದು ಸುಮ್ಮನಿದ್ದಳು.

ಇಳಿಹೊತ್ತಿಗೆ ಪರೀಕ್ಷಕರು ಶ್ರೀಕಂಠಯ್ಯನವರು ಹರಿಗೋಲಿನಲ್ಲಿ ಬಂದರು. ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡು ಕುಮುದಾಳಿಗೆ ಮೊದಲ ಪ್ರಶ್ನೆ ಕೇಳಿದರು. “ಕಲಿಸೋಕೆ ಮೊದಲು ಶಿಕ್ಷಕಿ ಏನು ಮಾಡಬೇಕಮ್ಮಾ?”

“ಮಕ್ಕಳನ್ನ ಗಮನಿಸಬೇಕು,” ಎಂದರು ಅಮ್ಮ. “ಇವಳೂ ಅದನ್ನೇ ಹೇಳ್ತಾಳೆ.”

ಪರೀಕ್ಷಕರು ಹುಬ್ಬೇರಿಸಿದರು. “ಮಗು ಹಟ ಮಾಡಿದ್ರೆ?”

“ಯಾಕೆ ಅಂತ ಹುಡುಕ್ತಾಳೆ.”

ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಕುಮುದಾಳನ್ನು ಅದೇ ಹೆಚ್ಚು ಉರಿಸಿತು. ಮೂರನೆಯ ಪ್ರಶ್ನೆ ಕೇಳಲು ಪರೀಕ್ಷಕರು ಬಾಯಿ ತೆರೆಯುವಷ್ಟರಲ್ಲಿ ಕುಮುದಾ ಎದ್ದು ನಿಂತಳು.

“ಸಾಕು ಅಮ್ಮ. ನಾನೇ.”

ದನಿ ಒಡೆದಿತ್ತು, ಕಣ್ಣು ತುಂಬಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಬೆಳ್ಳಿ, ಯಾರೋ ತನ್ನ ಮಾತನ್ನೇ ಆಡಿದರಲ್ಲ ಎಂದು ತಿರುಗಿ ನೋಡಿದಳು.

ಕುಮುದಾ ಬೆಳ್ಳಿಯನ್ನು ನೋಡಿದಳು. ಅವಳ ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದಳು. ನಾಚಿಕೆಯಿಂದ ಮುಖ ಕೆಂಪಾಯಿತು.

“ನಿನ್ನ ‘ನಾನು’ ಈಗ ಬಂತು ನೋಡು,” ಎಂದರು ಅಮ್ಮ ಮೆಲ್ಲಗೆ.

ಹೊಳೆಯ ಕಡೆಯಿಂದ ಮಾದಯ್ಯ ಕೂಗಿದ. “ಬೆಳ್ಳೀ, ಬಾರವ್ವ. ಹೊತ್ತಾಯ್ತು.”

ಕುಮುದಾ ಹೋಗಿ ಬೆಳ್ಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು. ಬೆಳ್ಳಿ ತಟ್ಟನೆ ಚಪ್ಪಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ನೀನೇ,” ಎಂದಳು ಕುಮುದಾ.

ಬೆಳ್ಳಿ ಸ್ವಲ್ಪ ಹೊತ್ತು ನಂಬಲಿಲ್ಲ. ಆಮೇಲೆ ಚಪ್ಪಲಿಯನ್ನು ಮುಂದೆ ತಂದು ಹಾಕಿಕೊಳ್ಳತೊಡಗಿದಳು. ಎಡಗಾಲಿನದು ಬಲಗಾಲಿಗೆ. ಕುಮುದಾಳ ಕೈ ಮುಂದೆ ಹೋಯಿತು. ಅದನ್ನು ಎಳೆದುಕೊಂಡು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಇನ್ನೊಂದು ಕೈಯನ್ನೂ ಹಾಗೇ ಇಟ್ಟುಕೊಂಡಳು.

“ಇನ್ನೂ ಪ್ರಶ್ನೆಗಳಿವೆಯಲ್ಲಮ್ಮಾ,” ಎಂದರು ಪರೀಕ್ಷಕರು. “ನಾನೂ ಇದೇ ಹರಿಗೋಲಿಗೆ ಹೋಗ್ಬೇಕು.”

ಅವರ ಜೊತೆ ತನ್ನ ಪದವಿಯೂ ಹೊಳೆ ದಾಟಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

“ಸ್ವಲ್ಪ ಇರಿ ಸಾರ್.”

ಪಟ್ಟಿ ಬಕಲಿನೊಳಗೆ ಹೋಯಿತು. ಜಾರಿತು. ಬೆಳ್ಳಿ ನಾಲಿಗೆ ಕಚ್ಚಿಕೊಂಡು ಮತ್ತೆ ತೂರಿಸಿದಳು. ಮಾದಯ್ಯ ಮತ್ತೆ ಕೂಗಿದ. ಕುಮುದಾಳ ಮಂಡಿ ಅಲ್ಲಾಡುತ್ತಲೇ ಇತ್ತು. ಕೈ ಮಾತ್ರ ಹೊರಗೆ ಬರಲಿಲ್ಲ.

ಪರೀಕ್ಷಕರು ಪೆನ್ನು ತೆರೆದು ಕಾದರು. ಕೊನೆಗೆ ಅಮ್ಮನ ಕಡೆ ಬಾಗಿ ದನಿ ತಗ್ಗಿಸಿದರು.

“ಅಮ್ಮಾವ್ರೇ, ಇವಳು ಪಾಠ ಹೇಳ್ತಿಲ್ಲ, ಸಹಾಯಾನೂ ಮಾಡ್ತಿಲ್ಲ. ಮಗು ಪಕ್ಕ ಸುಮ್ನೆ ಕೂತಿದಾಳೆ. ನಾನು ಏನಂತ ಬರೀಲಿ?”

“ಅದನ್ನೇ ಬರೀರಿ,” ಎಂದರು ಅಮ್ಮ.